ಗೋಡೆಗಿಟ್ಟ ಬೊಟ್ಟು

ಊರಿನ ಎಲ್ಲರ ಮನೆಗಳಂತೆ ಮುನಿರಾಜನ ರೇಷ್ಮೆಹುಳುವಿನ ಮನೆಯಲ್ಲೂ ಲೆಕ್ಕವೆಲ್ಲ ಗೋಡೆಯ ಮೇಲೆ ಹೊಳೆಯುತ್ತಿತ್ತು. ಒಂದು ಚೌಕದಲ್ಲಿ ಕೋಣೆಗೆ ಬೇಕಾದ ಶಾಖ, ಪಕ್ಕದ ಚೌಕದಲ್ಲಿ ಬದುಕಿರುವ ಹುಳುಗಳ ಸಂಖ್ಯೆ, ನಡುವೆ ಬೆಳಕಿನ ಎಳೆಗಳು. ಚೌಕದೊಳಗೆ ಬೆರಳಿನಿಂದ ಏನು ಬರೆದರೂ ಯಂತ್ರಗಳು ತಕ್ಷಣ ಹಾಗೇ ನಡೆಯುತ್ತಿದ್ದವು.

ಆಯುಧಪೂಜೆಯ ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಮುಖಕ್ಕೆ ಚಳಿ ರಾಚಿತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ತಟ್ಟೆಗಳಲ್ಲಿ ಸೆಟೆದು ಬಿದ್ದಿದ್ದವು. ಶಾಖದ ಚೌಕದಲ್ಲಿ ೨೫ ಇರಬೇಕಾದಲ್ಲಿ ೨.೫ ಇತ್ತು. ನಡುವಿನ ಚುಕ್ಕೆ ಕುಂಕುಮದ್ದು.

“ಅಮ್ಮಾ! ಕಣ್ಣು ಕಾಣಲ್ವಾ ನಿಂಗೆ? ಬೊಟ್ಟಿಡೋಕೆ ಬೇರೆ ಜಾಗ ಸಿಗ್ಲಿಲ್ವಾ?”

ತಾಯಿ ಬಯ್ಯಮ್ಮ ಓಡಿ ಬಂದಳು. “ನೀನೇ ಅಲ್ವೇನೋ ಅಂದಿದ್ದು, ಅನ್ನ ಕೊಡೋದು ಅದೇ, ಅದಕ್ಕೂ ಇಡಮ್ಮಾ ಅಂತ?”

ಅಂದಿದ್ದ. ಆಮೇಲೆ ಅದೇ ಗೋಡೆಯೆದುರು ಕೂತು ಒಬ್ಬಟ್ಟು ತಿಂದಿದ್ದ. ಬೊಟ್ಟು ಕಣ್ಣೆದುರಿಗೇ ಇತ್ತು, ಲಕ್ಷಣವಾಗಿದೆ ಅಂದುಕೊಂಡಿದ್ದ. ಈಗ ಸಿಟ್ಟು ಗೋಡೆಯ ಕಡೆ ತಿರುಗಿತು. ಒಂದೊಂದು ಹುಳುವನ್ನೂ ಎಣಿಸುವ ಈ ದರಿದ್ರ ಗೋಡೆಗೆ ಕುಂಕುಮ ಯಾವುದು, ದಶಮಾಂಶ ಯಾವುದು ಅಂತ ತಿಳಿಯಬಾರದಾ?

ಬಯ್ಯಮ್ಮ ಸೆರಗಿನ ತುದಿಯಿಂದ ಬೊಟ್ಟು ಒರೆಸಿದಳು. ತಕ್ಷಣ ೨೫ ಹೊಳೆಯಿತು. ಹೀಟರು ಗುರ್ರೆಂದಿತು, ಕೋಣೆ ಬೆಚ್ಚಗಾಗತೊಡಗಿತು.

“ಸರಿಹೋಯ್ತು ನೋಡಪ್ಪ. ಬೆಚ್ಚಗಾದ್ರೆ ಎದ್ದೇಳ್ತವೆ, ಅಲ್ವಾ?”

ಪಕ್ಕದ ಚೌಕದಲ್ಲಿ ಸೊನ್ನೆ ಅಲ್ಲಾಡದೆ ಕೂತಿತ್ತು. ಮುನಿರಾಜ ಅದು ಅಮ್ಮನಿಗೆ ಕಾಣದಂತೆ ಬೆನ್ನು ಕೊಟ್ಟು ನಿಂತ.

“ಹೂಂ ಕಣಮ್ಮ,” ಅಂದ.