ಮಡುವಿನ ಕಾವಲು

ಸೇತುವೆ ದಾಟಿ ಬಂದವನ ಕಂಕುಳಲ್ಲಿ ಗುದ್ದಲಿ ಇತ್ತು, ಎರಡು ಕೈಯಲ್ಲೂ ಹಿಡಿದ ಐಸ್ ಪೆಟ್ಟಿಗೆ ಇತ್ತು. ರಿಪೆಕ ಜರಿಗಿಡಗಳ ಹಿಂದೆ ಸರಿದು ನಿಂತಳು.

ಕಾಡಿನ ದಾರಿಯಲ್ಲಿ ನಡೆಯಲು ಬರುವವರು ಆ ಹಳೆ ಸೇತುವೆಯ ನಡುವೆ ನಿಲ್ಲುತ್ತಾರೆ. ಬಂಡೆ ಕೊರೆದು ಹರಿಯುವ ಹೊಳೆಯನ್ನು ಬಗ್ಗಿ ನೋಡಿ ಕೂಗು ಹಾಕುತ್ತಾರೆ. ಇವನು ಹೊಳೆಯತ್ತ ತಿರುಗಲೂ ಇಲ್ಲ. ಪೆಟ್ಟಿಗೆ ಅಲುಗದಂತೆ, ತಲೆ ತಗ್ಗಿಸಿ ನಡೆದ.

ಹಾವುಮೀನಿನ ಕಳ್ಳ. ಗುದ್ದಲಿ ಎರೆಹುಳಕ್ಕೆ, ಪೆಟ್ಟಿಗೆ ಮೀನಿಗೆ.

ಹೊಳೆ ಎಂದೋ ತನ್ನ ಬಳಸುದಾರಿ ಬಿಟ್ಟು ನೆಟ್ಟಗೆ ಹರಿದ ಮೇಲೆ, ಬಿಟ್ಟ ಬಳಸು ಕುಡುಗೋಲಿನಂಥ ಮಡುವಾಗಿ ಉಳಿದಿತ್ತು. ಮಡು, ಅದರ ದಂಡೆ, ಎರಡೂ ರಿಪೆಕಳ ಮಾವೊರಿ ಮನೆತನದ್ದು. ಅಲ್ಲಿಯ ಕೆಲವು ಹಾವುಮೀನು ಅವಳಿಗಿಂತ ಹಿರಿಯವು. ಹೋದ ಬೇಸಿಗೆಯಲ್ಲಿ ಯಾರೋ ಬಲೆ ಹಾಕಿ ಬಳಿದುಕೊಂಡು ಹೋದರು. ಹಿರಿಯರು ಕೂತು ಮಡುವಿಗೆ ನಿಷೇಧ ಹಾಕಿದರು. ಸಾವಿನ ಮನೆಯ ಊಟಕ್ಕೂ ಒಂದು ಮೀನು ಎತ್ತುವಂತಿಲ್ಲ. ಇನ್ನೊಂದು ಸಲ ಕಳುವಾದರೆ ಮಡು ಬರಿದು. ಕಾಯುವ ಕೆಲಸ ರಿಪೆಕಳದು.

ಮಡುವಿನ ಪಕ್ಕದ ಟೋಟರ ಮರದಡಿ ಅವನು ಪೆಟ್ಟಿಗೆ ಇಳಿಸಿ ಗುದ್ದಲಿ ಎತ್ತಿದ.

"ಏನಪ್ಪಾ, ದಾರಿ ತಪ್ಪಿತಾ?"

ಬೆಚ್ಚಿ ತಿರುಗಿದ. ಬಿಳಿಯ ಹುಡುಗ. ಕಣ್ಣು ಕೆಂಪು, ನಿದ್ದೆಗೆಟ್ಟ ಮುಖ.

"ಇಲ್ಲ ಆಂಟಿ, ಸರಿಯಾಗೇ ಬಂದಿದೀನಿ."

"ಪೆಟ್ಟಿಗೇಲಿ ಏನು, ಬೀರಾ?"

"ಬೀರಾಗಿದ್ರೆ ನಿಮಗೂ ಒಂದು ಕೊಡ್ತಿದ್ದೆ." ನಕ್ಕ. ಪೆಟ್ಟಿಗೆಗೆ ಅಡ್ಡ ಬಂದು ನಿಂತ. "ಕೆಡೋ ಸಾಮಾನು. ಬೇಗ ಮುಗಿಸ್ಬೇಕು."

"ಈ ಜಾಗ ನಿಂಗೆ ಯಾರು ಹೇಳಿದ್ದು?"

"ನನ್ನ ಹೆಂಡ್ತಿ. ಇಲ್ಲೊಬ್ರು ಮುದುಕಿ ಓಡಾಡ್ತಿರ್ತಾರಂತೆ, ಬಾಯಿ ಬಲು ಜೋರಂತೆ. ಅವರ ಕಣ್ಣಿಗೆ ಬೀಳದ ಹಾಗೆ ಕೆಲ್ಸ ಮುಗಿಸ್ಕೊಂಡು ಬಾ ಅಂದ್ಲು."

"ಓಹೋ. ಬಿದ್ರೆ ಏನ್ಮಾಡ್ತೀಯಾ?"

"ಓಡ್ತೀನಿ ಆಂಟಿ."

"ಹಾಗಾದ್ರೆ ಓಡು. ನಾನೇ ಆ ಮುದುಕಿ."

ಅವನು ಓಡಲಿಲ್ಲ. ಬಿಳಿಚಿಕೊಂಡು ಅವಳ ಮುಖವನ್ನೇ ನೋಡುತ್ತ ನಿಂತ. ಅದು ಅವಳ ಸಿಟ್ಟನ್ನು ಇನ್ನಷ್ಟು ಏರಿಸಿತು.

"ಏನ್ ಮಿಕಿಮಿಕಿ ನೋಡ್ತೀಯಾ? ತೆಗಿ ಮುಚ್ಚಳ!"

ಮಂಡಿಯೂರಿ ತೆಗೆದ. ಬಲೆಯಿಲ್ಲ, ಗಾಳವಿಲ್ಲ. ಐಸಿನ ನಡುವೆ ಬೊಗಸೆಯಷ್ಟು ದೊಡ್ಡ ಹಸಿಮಣ್ಣಿನ ಕುಡಿಕೆ, ಬಾಯಿಗೆ ನಾರಿನ ಹುರಿ.

ರಿಪೆಕಳಿಗೆ ಬಿಚ್ಚಿ ನೋಡಬೇಕಾಗಿರಲಿಲ್ಲ. ನಮ್ಮ ಮಾವೊರಿಗಳಲ್ಲಿ ಕೂಸು ಹುಟ್ಟಿದರೆ ಅದರ ಬೆನ್ನಿಗೇ ಬೀಳುವ ಮಾಸನ್ನು ಅಂಥ ಕುಡಿಕೆಯಲ್ಲಿಟ್ಟು ಮನೆತನದ ನೆಲಕ್ಕೆ ಕೊಡುತ್ತೇವೆ. ಅಲ್ಲಿಂದಾಚೆಗೆ ಕೂಸು ಆ ನೆಲದ್ದು.

ಆದರೂ ಅವಳು ಬಿಡಲಿಲ್ಲ. "ಕಂಡವರ ನೆಲದಲ್ಲಿ ಹೂಳೋಕೆ ಬಂದಿದೀಯಾ? ಇದು ನಮ್ಮ ಮನೆತನದ ಜಾಗ, ಗೊತ್ತಾ?"

"ಗೊತ್ತು," ಎಂದ ಅವನು, ಮೆಲ್ಲಗೆ. "ನನ್ನ ಹೆಂಡ್ತಿ ಹುಟ್ಟಿದಾಗ ಅವಳದನ್ನೂ ಈ ಮರದ ಬುಡದಲ್ಲೇ ಹೂತಿದ್ರಂತೆ. ಪಕ್ಕದಲ್ಲೇ ಇಡ್ಬೇಕಂತೆ."

ಆ ಮರದ ಬುಡದಲ್ಲಿ ಇದ್ದದ್ದು ಒಂದೇ ಒಂದು ಕೂಸಿನ ಮಾಸು. ಹೂಳಿಸಿದವಳು ರಿಪೆಕ. ಹೊರಗಿನವನನ್ನು ಕಟ್ಟಿಕೊಂಡಳೆಂದು ಆ ಕೂಸಿನ ಮದುವೆಗೆ ಹೋಗದೆ ಕೂತವಳೂ ಅವಳೇ.

"ಈ ಮಗ್ಗುಲಲ್ಲಿ ಬೇಡ, ನೆರೆ ಬಂದ್ರೆ ಕೊಚ್ಕೊಂಡು ಹೋಗತ್ತೆ," ಎಂದು ಅತ್ತೆ ಅಳಿಯನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. "ಹೆಣ್ಣೋ ಗಂಡೋ, ಅದನ್ನಾದ್ರೂ ಹೇಳು."