ಗೋಡೆಯಾಚೆಯ ಚೌಕಾಸಿ

"ಆರು ಲಕ್ಷ," ಎಂದಳು ಆಕೆ, ಮಾರಲಿಟ್ಟಿದ್ದ ಕಾರಿನ ಕೀಲಿಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡೇ.

ಮಾವ ತುಟಿ ಎರಡು ಮಾಡಲಿಲ್ಲ. ಅದೇ ಅವನ ವರಸೆ. ಮಿಕ್ಸಿಯಿಂದ ಹಿಡಿದು ಮಂಚದವರೆಗೆ, ಮನೆಯಲ್ಲಿ ಯಾರು ಏನು ಕೊಳ್ಳಲು ಹೊರಟರೂ ಅವನನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದುದು ಈ ಒಂದು ವಿದ್ಯೆಗಾಗಿ. ಬೆಲೆ ಹೇಳಿದವರ ಮುಖವನ್ನೇ ನೋಡುತ್ತ ಕಲ್ಲಿನ ಹಾಗೆ ಕೂತುಬಿಡುತ್ತಿದ್ದ. ಎದುರಿಗಿದ್ದವರು ಮುಜುಗರಕ್ಕೇ ಬೆಲೆ ಇಳಿಸುತ್ತಿದ್ದರು. ಈ ಸಲ ಕರೆತಂದವಳು ಅಕ್ಕನ ಮಗಳು. ದೂರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು, ಬೆಳಗಿನ ಪಾಳಿಗೆ ಬಸ್ಸಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ಕಾರನ್ನು ಇಬ್ಬರೂ ಆಗಲೇ ಬಗ್ಗಿ ಎದ್ದು ನೋಡಿ ಬಂದಿದ್ದರು. ನಾಲ್ಕು ವರ್ಷದ್ದು, ಒಂದು ಗೀರಿಲ್ಲ. ಹೆಚ್ಚೆಂದರೆ ಮೂರು ಲಕ್ಷದ ಮಾಲು. ಆರು ಅನ್ನುವುದು ಬಾಯಿಗೆ ಬಂದ ಮಾತು.

ಮುಚ್ಚಿದ ಒಳಕೋಣೆಯ ಗೋಡೆಯನ್ನು ಯಾರೋ ಬೆರಳಿನ ಗೆಣ್ಣಿನಿಂದ ತಟ್ಟಿದರು. ಒಂದೇ ಸಲ.

ಆಕೆಯ ಮುಖ ಚಿಕ್ಕದಾಯಿತು. "ಸರಿ, ಐದು."

"ಯಜಮಾನ್ರಾ?" ಎಂದ ಮಾವ, ಬಾಗಿಲ ಕಡೆ ಕಣ್ಣು ಹಾಯಿಸಿ.

"ಹೂಂ. ಅವರು ಹೊರಗೆ ಬರೋ ಹಾಗಿಲ್ಲ."

ಪಾಪ, ಹಾಸಿಗೆ ಹಿಡಿದವರಿರಬೇಕು ಅಂದುಕೊಂಡು ಮಾವ ಮತ್ತೆ ಕಲ್ಲಾದ. ಟಕ್. "ನಾಲ್ಕು." ಟಕ್. "ಮೂರು." ಅಕ್ಕನ ಮಗಳು ಸಾಕು ಎನ್ನುವಂತೆ ಅವನ ಮೊಣಕೈ ತಿವಿದಳು. ಆದರೆ ಗೆಲ್ಲುತ್ತಿರುವವನಿಗೆ ಸಾಕು ಎನ್ನುವುದು ಅಷ್ಟು ಸುಲಭವೇ? ಟಕ್. "ಎರಡು." ಟಕ್. "ಒಂದು."

ಒಂದು ಲಕ್ಷ ಎಂದಾಗ ಮಾವ ನೆಟ್ಟಗೆ ಕೂತ. ಆಕೆ ಇಷ್ಟು ಹೊತ್ತೂ ಒಮ್ಮೆಯೂ ತನ್ನ ಮುಖ ನೋಡಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಪ್ರತಿ ಬೆಲೆಯನ್ನೂ ಆಕೆ ಹೇಳುತ್ತಿದ್ದುದು ಗೋಡೆಗೆ.

"ಇಳಿಸೋದು ನಿಲ್ಸಿ ಅಮ್ಮ," ಎಂದುಬಿಟ್ಟ. "ಮೂರು ಕೊಡ್ತೀನಿ. ಅದೇ ನ್ಯಾಯವಾದ ಬೆಲೆ."

ಇಂಥ ಮಾತು ಮಾವನ ಬಾಯಿಂದ ಬಂದದ್ದನ್ನು ಅಕ್ಕನ ಮಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ತಿರುಗಿ ನೋಡುವಷ್ಟರಲ್ಲಿ ಗೋಡೆ ಮೂರು ಸಲ ಸದ್ದು ಮಾಡಿತು, ಬಿರುಸಾಗಿ.

"ಏರಿಸಬೇಡಿ," ಆಕೆ ಪಿಸುಗುಟ್ಟಿದಳು. "ನೀವು ಏರಿಸಿದ್ರೆ ಅದೇ ನೆಪ ಮಾಡ್ಕೊಂಡು ನಾನೂ ಏರಿಸ್ತೀನಿ ಅಂತ ಅವರಿಗೆ ಗೊತ್ತು."

"ನಾನು ನರ್ಸು. ಅವರನ್ನ ಒಂದ್ಸಲ ನೋಡ್ಲಾ ಆಂಟಿ?" ಎನ್ನುತ್ತಲೇ ಅಕ್ಕನ ಮಗಳು ಎದ್ದು ಬಾಗಿಲು ತಳ್ಳಿದಳು. ಮಾವ ಅವಳ ಹೆಗಲ ಮೇಲಿಂದ ಇಣುಕಿದ. ಬರಿ ಮಂಚ, ಸುತ್ತಿಟ್ಟ ಹಾಸಿಗೆ, ಒಳಗಿನಿಂದ ಚಿಲಕ ಹಾಕಿದ ಕಿಟಕಿ. ನೆಲದ ತುಂಬ ತೆಳುವಾಗಿ ಧೂಳು ಕೂತಿತ್ತು. ಅದರ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

"ಹನ್ನೊಂದು ತಿಂಗಳಾಯ್ತು," ಎಂದಳು ಆಕೆ ಹಿಂದಿನಿಂದ, ಅಡುಗೆ ಆಯಿತೆಂದು ಹೇಳುವಷ್ಟು ಸಾದಾ ದನಿಯಲ್ಲಿ. "ಆ ಕಾರಲ್ಲೇ, ಇದೇ ಅಂಗಳದಲ್ಲಿ. ನಾನು ಚಪ್ಪಲಿ ಹಾಕ್ಕೊಂಡು ಬರೋಷ್ಟರಲ್ಲಿ ಸ್ಟೀರಿಂಗ್ ಮೇಲೆ ತಲೆ ಇಟ್ಟಿದ್ರು. ಡ್ರೈವಿಂಗ್ ಕಲಿಸೋರು ಅವರು. ಕಲಿಯೋರ ಪಕ್ಕ ಕೂತು ಡ್ಯಾಶ್‌ಬೋರ್ಡ್ ಮೇಲೆ ಒಂದ್ಸಲ ತಟ್ಟಿದ್ರೆ, ಸ್ಪೀಡ್ ಇಳಿಸು ಅಂತ. ಬಾಯಿಬಿಟ್ಟು ಹೇಳ್ತಾನೇ ಇರ್ಲಿಲ್ಲ."

ಅಕ್ಕನ ಮಗಳು ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಕಾರು ಹೊರಟ್ರೆ ಅವರೂ ಹೊರಡ್ತಾರೆ. ಅವರಿಗೆ ಹೋಗ್ಬೇಕಾಗಿದೆ. ನಾನೇ ಬಂದವರಿಗೆಲ್ಲ ಆರು ಹೇಳಿ ಓಡಿಸ್ತಿದ್ದೆ." ಮೊದಲ ಸಲ ಆಕೆ ಮಾವನ ಮುಖ ನೋಡಿದಳು. "ನೀವು ಎದ್ದು ಹೋಗ್ಲೇ ಇಲ್ಲ."

ಜೀವಮಾನವೆಲ್ಲ ಬೀಗುತ್ತ ಬಂದಿದ್ದ ತನ್ನ ಮೌನ, ಬೇರೆ ಯಾರದೋ ಗಂಡಹೆಂಡಿರ ನಡುವೆ ಹೋಗಿ ಕೂತಿತ್ತಲ್ಲ ಅನ್ನಿಸಿ ಮಾವನಿಗೆ ನಾಚಿಕೆಯಾಯಿತು. "ನಿಮಗಿಷ್ಟ ಇಲ್ಲದಿದ್ರೆ ಬೇಡಮ್ಮ," ಎಂದ. "ನಾವು ಬೇರೆ ಗಾಡಿ ನೋಡ್ಕೊಳ್ತೀವಿ."

ಆಕೆಗೆ ಅದು ಕೇಳಿಸಿದಂತಿರಲಿಲ್ಲ. ಕೋಣೆಯ ಹೊಸ್ತಿಲಿಗೆ ಬಂದು, ಖಾಲಿ ಗೋಡೆಗೆ ಅಂಗೈ ಆನಿಸಿ ನಿಂತಳು.

"ಒಂದು ತಿಂಗಳು?" ಎಂದಳು.

ಟಕ್. ಸದ್ದು ಆಕೆಯ ಅಂಗೈಯ ಅಡಿಯಿಂದಲೇ ಬಂತು.

"ಭಾನುವಾರದವರೆಗೆ?" ದನಿಯಲ್ಲಿ ಹೊಸ ಮದುವಣಗಿತ್ತಿಯ ಸಲುಗೆಯಿತ್ತು, ಸ್ವಲ್ಪ ಮುನಿಸೂ.

ಟಕ್.

"ಹೋಗ್ಲಿ, ನಾಳೆ ಬೆಳಿಗ್ಗೆ?"

ಟಕ್.

ಆಕೆ ಹಣೆಯನ್ನೂ ಗೋಡೆಗೆ ಒತ್ತಿದಳು. "ಇವತ್ತು ಸಂಜೆವರೆಗಾದ್ರೂ ಇರಿ."

ಅಕ್ಕನ ಮಗಳು ಮಾವನ ಕೈ ಹಿಡಿದುಕೊಂಡಳು. ಮೂವರೂ ಕಾದರು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಗೋಡೆ ಸುಮ್ಮನಿತ್ತು.

ಆಕೆ ತಿರುಗಿದಳು. ಕಣ್ಣು ತುಂಬಿತ್ತು, ಆದರೂ ಮುಖದಲ್ಲಿ ಏನನ್ನೋ ಗೆದ್ದವಳ ಕಳೆಯಿತ್ತು.

"ಸಂಜೆ ಬಂದು ತಗೊಂಡ್ಹೋಗಿ," ಎಂದಳು. "ಅಷ್ಟಕ್ಕೆ ಒಪ್ಪಿದ್ದಾರೆ."