ಆಟದ ಕೊನೆಗೆ ಬರುವ ಹೆಸರುಗಳು

ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಮೇಲೇರತೊಡಗಿದಾಗ ವೀರೇಶ ಕುರ್ಚಿ ಬಿಟ್ಟು ಎದ್ದು ನಿಂತ. ಶೆಫೀಲ್ಡಿನವರ ಹೆಸರುಗಳು ಮುಗಿದವು. ಆಮೇಲೆ ‘ಬೆಂಗಳೂರು’ ಎಂಬ ಸಾಲು ಬಂತು. ಅದರ ಕೆಳಗೆ ವೆಂಕಟಗಿರಿ, ಸತ್ಯವತಿ, ಚಕ್ರಪಾಣಿ, ಕಡೆಗೆ ಮಧ್ವೇಶ್. ಪರದೆ ಕಪ್ಪಾಯಿತು. ವೀರೇಶ ಇನ್ನೂ ಕಾಯುತ್ತಲೇ ಇದ್ದ.

ಅದು ಕಂಪ್ಯೂಟರ್ ಆಟ; ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕಾಲಿನ್ ಎಂಬವನ ಪುಟ್ಟ ಕಂಪನಿಯದು. ಅದರೊಳಗಿನ ಬೀದಿ, ಮನೆ, ಮಳೆ ಎಲ್ಲವನ್ನೂ ಬಸವೇಶ್ವರನಗರದ ಈ ಮಹಡಿಕೋಣೆಯಲ್ಲಿ ಕೂತು ಕೋಡಿನಲ್ಲಿ ಬರೆದವನು ವೀರೇಶ ಒಬ್ಬನೇ. ಮೇಲ್ ಕಳಿಸುವುದು, ಫೋನಿನಲ್ಲಿ ಮಾತಾಡುವುದು ಅವನ ಧಣಿ ಮಧ್ವೇಶನ ಕೆಲಸ. ಈಗ ಕಾಲಿನ್ ಕಂಪನಿ ಮುಚ್ಚುತ್ತಿದ್ದ; ಅದರ ಜೊತೆ ಈ ಕೋಣೆಯೂ ಖಾಲಿಯಾಗಲಿತ್ತು. ಸೋಮವಾರ ಹೈದರಾಬಾದಿನ ದೊಡ್ಡ ಕಂಪನಿಯೊಂದು ವೀರೇಶನನ್ನು ಇಂಟರ್‌ವ್ಯೂಗೆ ಕರೆದಿತ್ತು. ನಿಮ್ಮ ಹೆಸರಿರುವ ಆಟದ ಡಿಸ್ಕ್ ತನ್ನಿ, ಉಳಿದದ್ದು ಆಮೇಲೆ ಎಂದಿದ್ದರು.

ಆ ಬೆಳಿಗ್ಗೆ ಬೆಂಗಳೂರಿಗೆ ಬಂದಿಳಿದಿದ್ದ ಕಾಲಿನ್ ಚೀಲದಿಂದ ಆಟದ ಡಬ್ಬಿಯೊಂದನ್ನೂ ದಪ್ಪ ಮಾರ್ಕರ್ ಪೆನ್ನನ್ನೂ ತೆಗೆದ. ಕ್ಯಾಸೆಟ್ಟಿನಲ್ಲಿ ಆಟ ಮಾರುತ್ತಿದ್ದ ಕಾಲದಲ್ಲಿ ಅವನು ಬರೆದ ಮೊದಲ ಆಟದ ಮೇಲೆ ಅವನ ಹೆಸರೇ ಇರಲಿಲ್ಲವಂತೆ, ಕಂಪನಿಯದಷ್ಟೇ ಇತ್ತಂತೆ. ಮರುದಿನವೇ ಕೆಲಸ ಬಿಟ್ಟು, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು, ಕ್ಷೌರದಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಕಂಪನಿ ತೆರೆದ. ಅಂದಿನಿಂದ ದುಡಿದವರೆಲ್ಲರ ಹೆಸರು ಆಟದ ಕೊನೆಗೆ ಬರಬೇಕು, ಮೊದಲ ಡಬ್ಬಿಯ ಮೇಲೆ ಎಲ್ಲರೂ ಸಹಿ ಮಾಡಬೇಕು. ಅಂಥ ಡಬ್ಬಿಗಳ ಒಂದು ಕಪಾಟೇ ಅವನಲ್ಲಿತ್ತು. ಇದು ಕಡೆಯದು.

“ಎಲ್ಲಿ ವೆಂಕಟಗಿರಿ? ಬೆಂಗಳೂರಿನ ಮೊದಲ ಸಹಿ ಅವರದು,” ಎಂದ ಕಾಲಿನ್. ಬೆಳಿಗ್ಗೆ ಮಧ್ವೇಶ್ ವೀರೇಶನನ್ನು ‘ನಮ್ಮ ಹುಡುಗ’ ಎಂದು ಪರಿಚಯಿಸಿದ್ದ; ಕಾಲಿನ್ ಅವನನ್ನು ಮಧ್ವೇಶನ ತಮ್ಮನೆಂದೇ ತಿಳಿದಿದ್ದ.

“ಕರೀತೀನಿ ಸಾರ್. ಹಾಗೇ ಕಾಫಿನೂ ತರ್ತೀನಿ,” ಎಂದು ಮಧ್ವೇಶ್ ಮುಖ ಕೊಡದೆ ಮೆಟ್ಟಿಲಿಳಿದ.

ಮೇಲೆ ಬಂದವರು ಮಧ್ವೇಶನ ಅಪ್ಪ ವೆಂಕಟಗಿರಿ. ಮದುವೆ ಮನೆಗಳ ಅಡುಗೆ ಕಂಟ್ರಾಕ್ಟರ್; ಪಂಚೆಯ ಅಂಚಿಗೆ ಅರಿಶಿನ ಹತ್ತಿತ್ತು. ಕಾಲಿನ್ ಎದ್ದು ಅವರ ಎರಡೂ ಕೈ ಹಿಡಿದುಕೊಂಡು ಒಂದೇ ಸಮನೆ ಮಾತಾಡಿದ.

“ಏನಂತಪ್ಪಾ ವೀರೇಶ, ಇವರದು?”

“ಮಳಿ ನಿಂತ ಮ್ಯಾಲ ಬೀದಿಕಲ್ಲಿನ ಮ್ಯಾಲ ದೀಪ ಹೊಳಿಯೂದನ್ನ ಹೆಂಗ ಬರದ್ರಿ ಅಂತ ಕೇಳಾಕತ್ತಾರ್ರೀ.”

“ಯಾರು, ನಾನಾ?” ವೆಂಕಟಗಿರಿಯವರಿಗೆ ನಗು ತಡೆಯಲಾಗಲಿಲ್ಲ. “ಇನ್ನೂರು ಎಲೆಗೆ ಬೇಳೆ ಎಷ್ಟು ಅಂತ ಕೇಳು, ಹೇಳ್ತೀನಿ. ಬೀದಿ ಬರೆದೋನು ನೀನಲ್ವೇನೋ?”

“ಹೌದ್ರೀ.”

“ಮತ್ತೆ ಹೇಳು ಅವರಿಗೆ!”

ವೀರೇಶ ಮೆಟ್ಟಿಲ ಕಡೆ ನೋಡಿದ. ಗದಗಿನಿಂದ ಬಂದು ಕೆಲಸಕ್ಕಾಗಿ ಅಲೆಯುತ್ತಿದ್ದಾಗ ಈ ಕೋಣೆಯಲ್ಲೇ ಮಲಗು ಎಂದವನು ಮಧ್ವೇಶ್. ಅವನನ್ನು ಅವನ ಅಪ್ಪನ ಎದುರೇ, ಬಂದ ಅತಿಥಿಯ ಎದುರೇ ಸಣ್ಣವನನ್ನಾಗಿ ಮಾಡುವುದಕ್ಕೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಕಾಲಿನ್ ಮಾರ್ಕರಿನ ಮುಚ್ಚಳ ತೆಗೆದು ವೆಂಕಟಗಿರಿಯವರ ಕೈಗಿಟ್ಟ.

“ಇವರಲ್ಲ,” ಎಂದ ವೀರೇಶ ಇಂಗ್ಲಿಷಿನಲ್ಲಿ. “ಬರೆದವನು ನಾನು. ಎಲ್ಲವನ್ನೂ.”

ಕಾಫಿ ತಟ್ಟೆ ಹಿಡಿದು ಬಂದ ಮಧ್ವೇಶ್ ಬಾಗಿಲಲ್ಲೇ ನಿಂತ. ಕಾಲಿನ್ ಅವನನ್ನು ನೋಡಿದ. ಕೇಳುವ ಅಗತ್ಯವೇ ಬೀಳಲಿಲ್ಲ.

“ಬೆಂಗಳೂರಿಗೆ ನಾಲ್ಕು ಸಾಲಿನ ಜಾಗವಿದೆ, ಹೆಸರು ಕಳಿಸಿ ಅಂದಿದ್ದಿರಿ,” ಎಂದು ಮಧ್ವೇಶ್ ಇಂಗ್ಲಿಷಿನಲ್ಲಿ ಹೇಳಿದ. “ನಮ್ಮಲ್ಲಿ ಹಿರಿಯರನ್ನು ಬಿಟ್ಟು ಏನೂ ಮಾಡುವುದಿಲ್ಲ. ಅಪ್ಪ, ಅಮ್ಮ, ಈ ಕೋಣೆ ಬಿಟ್ಟುಕೊಟ್ಟ ಸೋದರಮಾವ...” ಆಮೇಲೆ ವೀರೇಶನ ಕಡೆ ತಿರುಗಿ, “ಬೇಜಾರ್ ಮಾಡ್ಕೋಬೇಡ ಕಣೋ. ಮುಂದಿನ ಗೇಮ್‌ನಲ್ಲಿ ನಿನ್ನ ಹೆಸರೇ ಮೊದಲು,” ಎಂದ.

“ಯಾವ ಮುಂದಿನ ಗೇಮ್, ಅಣ್ಣಾ?”

ಮಧ್ವೇಶ್ ಕಾಫಿ ತಟ್ಟೆಯನ್ನು ಕೀಬೋರ್ಡಿನ ಪಕ್ಕ ಇಟ್ಟ.

ಡಿಸ್ಕುಗಳು ಆಗಲೇ ಅಂಗಡಿ ಸೇರಿದ್ದವು. ಬೇಕಾದರೆ ಒಂದು ಪತ್ರ ಬರೆದುಕೊಡುತ್ತೇನೆ ಎಂದ ಕಾಲಿನ್. ಹೇಳಿ ಮುಗಿಸುವ ಮೊದಲೇ, ಸೋಮವಾರ ಹೈದರಾಬಾದಿನವರು ಆ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ ಎಂಬುದು ಅವನಿಗೇ ಹೊಳೆದಿರಬೇಕು. ಪತ್ರದ ಮಾತು ಬಿಟ್ಟು ಅವನು ವೆಂಕಟಗಿರಿಯವರ ಕೈಯಿಂದ ಮಾರ್ಕರ್ ತೆಗೆದುಕೊಂಡು ವೀರೇಶನಿಗೆ ಕೊಟ್ಟ. ವೀರೇಶ ಡಬ್ಬಿಯ ಮೇಲೆ ತನ್ನ ಪೂರ್ತಿ ಹೆಸರು ಬರೆದ. ಕಾಲಿನ್ ಶಾಯಿ ಆರುವ ತನಕ ಅದನ್ನು ಗಾಳಿಗೆ ಹಿಡಿದಿದ್ದು, ಅಂಗಿಯೊಂದರಲ್ಲಿ ಸುತ್ತಿ ಮತ್ತೆ ತನ್ನ ಚೀಲಕ್ಕೇ ಹಾಕಿಕೊಂಡ.

ವೆಂಕಟಗಿರಿಯವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆಟದ ಕೊನೆಗೆ ಅವರ ಹೆಸರು ಬಂದದ್ದನ್ನೂ ತನ್ನದು ಬಿಟ್ಟುಹೋದದ್ದನ್ನೂ ವೀರೇಶ ಕನ್ನಡದಲ್ಲಿ ಹೇಳಿದಾಗ ಅವರು ಮಗನ ಕಡೆ ತಿರುಗಿದರು.

“ನನ್ನ ಹೆಸರು ಯಾಕೋ ಬಂತು ಅದರಲ್ಲಿ?”

“ನಿಮ್ಮ ಆಶೀರ್ವಾದ ಇರ್ಲಿ ಅಂತ ಹಾಕ್ಸಿದೆ, ಅಪ್ಪಾ.”

“ಲಗ್ನಪತ್ರಿಕೇಲಿ ತಾತ, ಮುತ್ತಾತ, ಸೋದರಮಾವ ಎಲ್ರೂ ಇರ್ಲಿ ಕಣೋ, ಬೇಡ ಅಂದೋರ್ಯಾರು? ಗಂಡಿನ ಹೆಸರೇ ಬಿಟ್ಬಿಟ್ರೆ ನಾನು ಯಾರ ತಲೆ ಮೇಲೆ ಅಕ್ಷತೆ ಹಾಕ್ಲಿ?”